ಕಬ್ಬಿಣ ಕಮ್ಮಿ

ಹಾರವಾಡದ ಹೊನ್ನಿ ಹರಿಕಂತ್ರ
ಸಿಮೆಂಟು ಚೀಲದಲ್ಲಿ ಸುತ್ತಿ ತಂದಳು.
ಲಗೇಜಿಗೆಂದು ಕಂಡಕ್ಟರು
ಹನ್ನೆರಡು ರೂಪಾಯಿ ಹರಿದನಂತೆ.
ಕಲ್ಲಿಗಿಂತ ಮೊದಲು ಕೋಣೆಗೆ ಬಂದದ್ದು
ಒಣಮೀನಿನ ವಾಸನೆ.

ಬಲೆ ಒಣಗಿಸುವ ದಿಬ್ಬದಲ್ಲಿ ಗಂಡ ಹೆಕ್ಕಿದ್ದು.
ಎರಡು ಮಳೆಗಾಲ ಉಪ್ಪಿನ ಮರಿಗೆಯಲ್ಲಿ
ಬಂಗಡೆ ಮುಚ್ಚಿದ ಹಲಗೆಯ ಮೇಲೆ
ಭಾರಕ್ಕೆ ಕೂತಿತ್ತು.
"ಕಂಡದ್ದಕ್ಕಿಂತ ತೂಕ ಜಾಸ್ತಿ.
ಮೊಮ್ಮಗಳ ಅಯಸ್ಕಾಂತ ಕಚ್ಚಿದ್ರೆ ಬಿಡೂದೇ ಇಲ್ಲ.
ಇದ್ರ ಜಾತಿ ಎಂತದು, ನೋಡಿ ಹೇಳಿ."

ಕಾರವಾರದ ಕಾಲೇಜಿನಲ್ಲಿ
ಇಪ್ಪತ್ತಾರು ವರ್ಷ ಕಲ್ಲು ಕೊಯ್ದವನು ನಾನು.
ಪಾಠ ಹೇಳುವವನಲ್ಲ.
ಗರಗಸ ನನ್ನದು, ಅಂಟು ನನ್ನದು,
ಬೆಳಕು ದಾಟುವಷ್ಟು ತೆಳ್ಳಗೆ ತೇಯುವ ಬೆರಳು ನನ್ನವು.
ಕದ್ರಾದ ಕಲ್ಲು ತೇದಿದ್ದೇನೆ, ಗುಡ್ಡೆಹಳ್ಳಿಯದೂ.
ಇಂಥದ್ದು ಇದೇ ಮೊದಲು.

ಒಳಗೆ ಬೂದಿ ಬಣ್ಣ. ಸೂಜಿಮೊನೆಯಂಥ ಲೋಹ,
ಪ್ರತಿ ಮೊನೆಗೂ ತುಕ್ಕಿನ ಉಂಗುರ.
ನಾನೂರೈವತ್ತು ಕೋಟಿ ವರ್ಷ ಕೆಡದೆ ಉಳಿದದ್ದು
ನಮ್ಮ ಉಪ್ಪಿಗೆ
ಎರಡೇ ವರ್ಷದಲ್ಲಿ ಸೋತಿತ್ತು.

ಸೂಕ್ಷ್ಮದರ್ಶಕಕ್ಕೆ ಅವಳೇ ಬಗ್ಗಿದಳು, ಕೇಳದೆ.
ಬೆಳಕು ತಿರುಗಿಸಿದೆ. ಆಲಿವಿನ್ ಹೊತ್ತಿಕೊಂಡಿತು,
ನೀಲಿ, ಹಸಿರು, ನೇರಳೆ.
"ಈಗಷ್ಟೇ ಬಲೆಯಿಂದ ಬಿಡಿಸಿದ ಬಂಗಡೆ ಬೆನ್ನು."
ಪೈರಾಕ್ಸೀನಿನ ಬೂದು ಗೀರುಗಳಿಗೆ ಏನೂ ಹೇಳಲಿಲ್ಲ.
ಆಮೇಲೆ ಗುಂಡು ಕಾಳುಗಳು ಬಂದವು,
ಕಾಂಡ್ರೂಲ್ ಎಂದು ನಾವು ಕರೆಯುವಂಥವು.
ಬಹಳ ಹೊತ್ತು ನೋಡಿದಳು.
"ಮೀನತತ್ತಿ. ಆದ್ರೆ ಬೇಯ್ಸಿದ್ದು ಇದು.
ಹಸೀದಾದ್ರೆ ಅಂಚು ಬೇರೆ ಬೇರೆ ಕಾಣ್ತಿತ್ತು."

ಮೂರು ವಾರಕ್ಕೆ ದೂರದ ಪ್ರಯೋಗಾಲಯದ ವರದಿ:
ಸಾಮಾನ್ಯ ಕಾಂಡ್ರೈಟ್. ಎಲ್ ಗುಂಪು. ಐದನೇ ದರ್ಜೆ,
ಅಂದರೆ ಯಾವುದೋ ದೊಡ್ಡ ಬಂಡೆಯ ಹೊಟ್ಟೆಯಲ್ಲಿ
ಕಾಳಿನ ಅಂಚು ಮಸುಕಾಗುವವರೆಗೆ ಬೆಂದದ್ದು.
ಆಲಿವಿನ್ನಿನಲ್ಲಿ ಫಯಲೈಟು ಇಪ್ಪತ್ತನಾಲ್ಕೂವರೆ ಪಾಲು.
ಚೂರು ಪ್ಲೇಜಿಯೋಕ್ಲೇಸ್, ಟ್ರೊಯಿಲೈಟ್,
ಲೋಹದೊಳಗೆ ನಿಕಲ್.
ಬಿದ್ದ ದಿನ: ಗೊತ್ತಿಲ್ಲ.
ಅವಳು ಒಂದೇ ನೋಟಕ್ಕೆ ಹೇಳಿದ್ದನ್ನು
ಅವರು ಸಹಿ ಹಾಕಿ ಕಳಿಸಿದ್ದರು.

"ಎಲ್ ಅಂದ್ರೆ?"
"ಕಬ್ಬಿಣ ಕಮ್ಮಿ."

ಹೊನ್ನಿ ಸೆರಗಿನ ಗಂಟು ಬಿಚ್ಚಿ
ಅವರ್ಸಾ ಆಸ್ಪತ್ರೆಯ ಚೀಟಿ ಹರವಿದಳು.
"ಡಾಕ್ಟರಮ್ಮ ನಂಗೂ ಇದನ್ನೇ ಬರ್ದಾರೆ.
ಗುಳಿಗೆ ಕೊಟ್ಟಾರೆ, ಕೆಂಪು.
ಇದಕ್ಕೆ ನೀವು ಎಂತ ಕೊಡ್ತ್ರಿ?"
ಹೆದರಿದಳೋ, ನಕ್ಕಳೋ, ತಿಳಿಯಲಿಲ್ಲ.

ಸಂಶೋಧನೆ, ದೊಡ್ಡ ಊರಿನ ಸಂಗ್ರಹಾಲಯ,
ನಾನು ಏನೇನೋ ಅಂದೆ.
ಭಾರವಿಲ್ಲದೆ ಹಲಗೆ ಏಳುತ್ತದೆ, ಮೀನು ಕೆಡುತ್ತದೆ,
ಅರ್ಧ ನಿಮಗೆ, ಅರ್ಧ ನನಗೆ, ಎಂದಳು.

ಕೊಯ್ದು ಕೊಟ್ಟೆ. ಅದೇ ಸಿಮೆಂಟು ಚೀಲ.
ಕಂಡಕ್ಟರು ಈ ಸಲ
ಎಷ್ಟು ಹರಿದನೋ.