ಹಲ್ಲಿನ ಸಂದು

ಪಾಟಕೆಟ್ ಊರಿನ ಹಳೆಯ ನೂಲಿನ ಗಿರಣಿಯಲ್ಲಿ
ಈಗ ನೂಲಿಲ್ಲ.
ಮೂರನೆಯ ಮಹಡಿ, ಎಣ್ಣೆ ಕುಡಿದು ಕಪ್ಪಾದ ಮರದ ನೆಲ,
ಅಲ್ಲಿ ಝುಲ್ಮೀರಾಳ ಅಚ್ಚಿನ ಅಂಗಡಿ.
ಆರು ಕೈಯ ಯಂತ್ರವೊಂದು. ಅದನ್ನು ತಿರುಗಿಸಲು
ಎರಡು ಕೈಯ ನಾನು.

ಇದಕ್ಕೆ ಮುಂಚೆ ಹನ್ನೊಂದು ವರ್ಷ
ಕಾರು ನಿಲ್ಲಿಸುವ ಕಟ್ಟಡದ ಗಾಜಿನ ಗೂಡಲ್ಲಿ ಕೂತು
ಅಡ್ಡಗಂಬ ಎತ್ತಿದೆ, ಇಳಿಸಿದೆ.
ಎಷ್ಟು ಸಲ? ಕೇಳಬೇಡಿ.
ಸಂಜೆ ಮನೆಗೆ ಬಂದು ಕೈ ತೊಳೆದರೆ
ನೀರು ಬಂದ ಬಣ್ಣದಲ್ಲೇ ಹೋಗುತ್ತಿತ್ತು.

ಈಗ ಮಂಗಳವಾರದ ನೀಲಿ
ಉಗುರಿನ ಬುಡದಲ್ಲಿ ಶುಕ್ರವಾರದವರೆಗೂ
ಬಾಡಿಗೆ ಕೊಡದೆ ಕೂತಿರುತ್ತದೆ.

ಕೆಲಸ ಕಲಿಸುವಾಗ ಝುಲ್ಮೀರಾ ಹೆಚ್ಚು ಮಾತಾಡಲಿಲ್ಲ.
ನನ್ನ ಮುಂಗೈ ಮೇಲೆ ತನ್ನ ಅಂಗೈ ಇಟ್ಟು ಎಳೆದಳು:
ಇಷ್ಟು ಓರೆ, ಇಷ್ಟು ಭಾರ, ನಡುವೆ ನಿಲ್ಲಬಾರದು.
ರಬ್ಬರಿನ ಅಂಚು ಸುಯ್ ಎಂದರೆ ಸರಿ,
ಕಿರ್ ಎಂದರೆ ಎಲ್ಲೋ ಏನೋ ಒಣಗಿದೆ.
ಪರದೆ ಎಂದರೆ ಏನು ಮಹಾ?
ತೂತುಗಳು.
ಕೆಲವು ಮುಚ್ಚಬೇಕು, ಕೆಲವು ಬಿಡಬೇಕು.
ವಿದ್ಯೆಯೆಲ್ಲ ಅಷ್ಟೇ ಅಂದಳು.

ನವೆಂಬರಿನ ಒಂದು ಗುರುವಾರ ವಾಲ್ದೀರ್ ಬಂದ,
ಬೇಕರಿಯ ಹಿಟ್ಟು ಇನ್ನೂ ಮೊಣಕೈಗೆ ಮೆತ್ತಿತ್ತು.
ಅವನ ಅಜ್ಜಿ ನ್ಯಾ ತಾಂಶಾ ತೀರಿಕೊಂಡು ಮೂರು ದಿನ.
ಏಳನೆಯ ದಿನದ ಬಲಿಪೂಜೆಗೆ ಎಪ್ಪತ್ತೆರಡು ಅಂಗಿ,
ಕರಿ ಬಟ್ಟೆ, ಬಿಳಿ ಶಾಯಿ, ಎದೆಯ ಮೇಲೆ ಅವಳ ಮುಖ.
ಕೊಟ್ಟ ಫೋಟೋ ಯಾರದೋ ಮದುವೆಯದು:
ಪಕ್ಕದವನ ಭುಜ ಅರ್ಧಕ್ಕೆ ಕತ್ತರಿಸಿದೆ,
ಅಜ್ಜಿ ನಗುತ್ತಿದ್ದಾಳೆ.

ಮುಖವನ್ನು ಚುಕ್ಕಿಗಳಾಗಿ ಒಡೆದೆವು.
ಎಮಲ್ಷನ್ ಬಳಿದು, ಕತ್ತಲಲ್ಲಿ ಒಣಗಿಸಿ,
ದೀಪ ಕುಡಿಸಿ, ಪರದೆಗೆ ನೀರು ಹಾಯಿಸಿದಾಗ
ಮೊದಲು ತಲೆವಸ್ತ್ರ ಬಂತು,
ಆಮೇಲೆ ಹಣೆ, ಆಮೇಲೆ ಹಲ್ಲು.

ಮೊದಲ ಅಂಗಿ ಎಳೆದು ಬೆಳಕಿಗೆ ಹಿಡಿದೆ.
ಚೆನ್ನಾಗಿದೆ ಅಂದಳು ಝುಲ್ಮೀರಾ. ಚೆನ್ನಾಗಿಯೇ ಇತ್ತು.
ವಾಲ್ದೀರ್ ತುಸು ಹೊತ್ತು ನೋಡಿ, ಸಂಕೋಚದಿಂದ,
"ಸಂದು ಎಲ್ಲಿ?" ಅಂದ.

ಮುಂದಿನ ಎರಡು ಹಲ್ಲಿನ ನಡುವೆ, ಫೋಟೋದಲ್ಲಿ,
ಒಂದು ಕಾಳು ಕಡಲೆ ಸಿಕ್ಕಿಕೊಳ್ಳುವಷ್ಟು ಕಪ್ಪು.
ನನ್ನ ಅಚ್ಚಿನಲ್ಲಿ ಬಿಳಿ ಹರಡಿ ಅದು ಕೂಡಿಹೋಗಿದೆ.
"ಅಲ್ಲಿಂದಲೇ ಶಿಳ್ಳೆ ಹಾಕುತ್ತಿದ್ದಳು.
ನಾಲ್ಕು ಬೀದಿ ಆಚೆ ಆಡುತ್ತಿದ್ದವರು
ಊಟಕ್ಕೆ ಓಡಿ ಬರುತ್ತಿದ್ದೆವು."

ತಪ್ಪು ನನ್ನದು. ಭಾರ ಹೆಚ್ಚಾಗಿತ್ತು.
ಸಾಲುಸಾಲು ನೆಟ್ಟಗಿರುವ ಹಲ್ಲು ಯಾರಿಗೆ ಬೇಕು!
ಝುಲ್ಮೀರಾ ಗಡಿಯಾರ ನೋಡಿದಳು, ರಾತ್ರಿ ಎಂಟೂವರೆ.
"ಪರದೆ ತೊಳಿ," ಅಂದಳು. ಲೆಕ್ಕ ಬರೆಯಲಿಲ್ಲ.

ಇನ್ನೂ ಸಣ್ಣ ಕಣ್ಣಿನ ಜಾಲರಿ,
ದೀಪದ ಕೆಳಗೆ ನಾಲ್ಕು ಸೆಕೆಂಡು ಹೆಚ್ಚು,
ಬಟ್ಟೆಗೂ ಪರದೆಗೂ ಒಂದು ನಾಣ್ಯದಷ್ಟು ದೂರ,
ಬಿಳಿ ಶಾಯಿ ಮೆತ್ತಗಾಗುವವರೆಗೆ ಕಲಸಿದ್ದೇ ಕಲಸಿದ್ದು.
ಒಂದು ಎಳೆತ, ಹಗುರ.
ಎತ್ತಿದೆ.

ಇತ್ತು.
ಶಾಯಿ ಮುಟ್ಟದ ಒಂದು ಗೆರೆ, ಬರಿಯ ಬಟ್ಟೆ.
ವಾಲ್ದೀರ್ ತುಟಿ ಮುಂದೆ ಮಾಡಿದ, ಗಾಳಿ ಮಾತ್ರ ಬಂತು.

ಅವನು ಹೋದ ಮೇಲೆ ಎಪ್ಪತ್ತೆರಡನ್ನೂ ಎಳೆದೆ.
ನಲವತ್ತರ ಸುಮಾರಿಗೆ ಸಂದು ಮುಚ್ಚತೊಡಗಿತು,
ಪರದೆಯ ಹೊಟ್ಟೆ ಒರೆಸಿ ಮತ್ತೆ ತೆರೆಸಿದೆ.
ಸಾವಿನ ಕೆಲಸ, ಹೇಳಬಾರದು,
ಭುಜ ಬಿದ್ದುಹೋಗುವಷ್ಟು ನೋವು, ಅದರೊಳಗೆ
ಹಬ್ಬದ ಹಿಂದಿನ ದಿನದಂಥ ಖುಷಿ.
ಒಲೆಯಿಂದ ಹೊರಬಂದ ಪ್ರತಿ ಅಂಗಿಯೂ ಬೆಚ್ಚಗೆ,
ಮಡಚುವಾಗ ಅಂಗೈಗೆ ಕೆನ್ನೆ ತಾಕಿದ ಹಾಗೆ.

ಕೆಟ್ಟ ಆ ಮೊದಲ ಅಂಗಿಯನ್ನು
ಒರೆಸುವ ಬಟ್ಟೆಗಳ ಡಬ್ಬಕ್ಕೆ ಹಾಕಬೇಕಿತ್ತು.
ಹಾಕಿದೆ, ಮುಖ ಒಳಗೆ ಮಾಡಿ.
ಮಾರನೆಯ ದಿನ ಹೊರಗೆ ತೆಗೆದೆ.

ಸೋಮವಾರಕ್ಕೆ ಕೊಳಾಯಿ ರಿಪೇರಿಯವರ ಅಂಗಿ,
ಇನ್ನೂರು, ಕಿತ್ತಳೆ ಬಣ್ಣ, ಬೆನ್ನ ಮೇಲೆ ಫೋನ್ ನಂಬರು.
ಎಂಟರೊಳಗಿನ ಎರಡು ಸೊನ್ನೆ ತುಂಬಿಕೊಳ್ಳದ ಹಾಗೆ
ನೋಡಿಕೊಳ್ಳಬೇಕು.