ಹೊಟ್ಟೆಯ ಖಾತೆ

ಬೆಳಗ್ಗೆ ಎಂಟಕ್ಕೆ ಹರಾಜು.
ಹದಿನೈದು ಕೆಜಿಯ ಬಾಕ್ಸು, ಕೂಗು, ಕೂಗಿನ ಮೇಲೆ ಕೂಗು,
ನಾನು ಬರೆಯುತ್ತೇನೆ: ಹೆಸರು, ಊರು, ಬಾಕ್ಸು, ದರ.
ಹನ್ನೊಂದು ವರ್ಷದಿಂದ ಕೋಲಾರದ ಮಂಡಿಯಲ್ಲಿ
ಟೊಮೆಟೊದ ಕೆಂಪನ್ನು ನೀಲಿ ಶಾಯಿಗೆ ಇಳಿಸುವುದು ನನ್ನ ಕೆಲಸ.
ತಿನ್ನುವುದು ಬಿಟ್ಟು ನಾಲ್ಕಾಯಿತು.
ಸಿಪ್ಪೆ ಸುಲಿದು, ಬೀಜ ತೆಗೆದು, ಬೇಯಿಸಿ ಸೋಸಿದರೆ ಎರಡು ಚಮಚ,
ಅಷ್ಟಕ್ಕೆ ಕರುಳಿನ ಒಪ್ಪಿಗೆ,
ಅದೂ ಒಳ್ಳೆಯ ವಾರಗಳಲ್ಲಿ.

ಬ್ಯಾಗಿನಲ್ಲಿ ಇನ್ನೊಂದು ಪುಸ್ತಕವಿದೆ.
ನೂರು ಪುಟದ್ದು, ರಟ್ಟಿನ ಮೇಲೆ ನವಿಲು.
ಚಿಲ್ಲರೆ ಖರ್ಚಿನದೆಂದು ಮಾಲೀಕರು ತಿಳಿದಿದ್ದಾರೆ. ಸುಳ್ಳೇನಲ್ಲ.

ಸೋಮವಾರ. ಮೆತ್ತಗಿನ ಅನ್ನ, ಹೆಸರುಬೇಳೆ ಕಟ್ಟು. ಎರಡು ಸಲ. ನೋವಿಲ್ಲ.
ಮಂಗಳವಾರ. ಅದೇ ಅನ್ನ, ಅದೇ ಕಟ್ಟು. ಏಳು ಸಲ. ರಕ್ತ, ಸ್ವಲ್ಪ.
ಬುಧವಾರ. ಬಾಳೆಹಣ್ಣು. ಮೂಲೆಮನೆ ಹುಡುಗಿಯ ಆರತಕ್ಷತೆ, ಹೋಗಲಿಲ್ಲ.
ಗುರುವಾರ. ಮುಹೂರ್ತಕ್ಕೆ ಹೋಗಿ ಹೋಳಿಗೆ ತಿಂದೆ. ಏನೂ ಆಗಲಿಲ್ಲ.
‘ಏನೂ ಆಗಲಿಲ್ಲ’ದ ಕೆಳಗೆ ಎರಡು ಗೆರೆ.

ಇಂಥ ಲೆಕ್ಕ ಮಂಡಿಯಲ್ಲಿ ಬರೆದಿದ್ದರೆ
ಅಂದೇ ಮನೆಗೆ ಕಳಿಸುತ್ತಿದ್ದರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ,
ತೂಕದ ಪಿಳ್ಳಪ್ಪಣ್ಣ ದಿನಾ ಹೇಳುತ್ತಾನೆ
ಡಬ್ಬಿಯ ಮುದ್ದೆ ಮುರಿಯುತ್ತ, ಉಪ್ಸಾರಿನ ಖಾರದಲ್ಲಿ ಹೊರಳಿಸುತ್ತ.
ಮಾತು ಬಲ್ಲವರೆಲ್ಲ ಇಲ್ಲೇ ಇದ್ದಾರಲ್ಲಣ್ಣ,
ಕನ್ನಡ ತೆಲುಗು ಉರ್ದು ತಮಿಳು ನಾಲ್ಕರಲ್ಲೂ ಬಲ್ಲವರು,
ಹತ್ತು ಗಂಟೆಗೆಲ್ಲ ಕಾಲರ್ ಹಿಡಿದಿರುತ್ತಾರೆ.
ಗಾದೆಯ ಅರ್ಧ ಸುಳ್ಳಾದರೆ
ಇನ್ನರ್ಧಕ್ಕೆ ಜಾಮೀನು ಯಾರು?

ಟಮಕದ ಡಾಕ್ಟರು ಚೀಟಿಯ ಹಿಂದೆ ಸಣ್ಣಕರುಳು ಬರೆದು
ಒಂದು ಕಡೆ ಪೆನ್ನು ಒತ್ತಿದ್ದರು: ಇಲ್ಲಿ ದಾರಿ ಕಿರಿದು.
ಪಥ್ಯವೇ ಔಷಧಿ ಅಲ್ಲಮ್ಮ, ಮಾತ್ರೆ ಬಿಡಬೇಡಿ.
ಪಥ್ಯ ಅಂದರೆ ಓಣಿಯಲ್ಲಿ ಲಾರಿ ನುಗ್ಗಿಸದೆ ಇರೋದು.
ತಟ್ಟನೆ ಅರ್ಥವಾಯಿತು.
ಮಂಡಿಯ ಗೇಟು ದಿನಾ ನೋಡುತ್ತೇನೆ.

ಮುದ್ದೆ ಬಿಟ್ಟೆ. ಅದನ್ನು ಅತ್ತೆಗೆ ಹೇಳುವುದು
ಕಾಯಿಲೆಗಿಂತ ಕಷ್ಟವಾಯಿತು.
ಮುದ್ದೆ ಒಲ್ಲದ ಹೊಟ್ಟೆಯೂ ಇರುತ್ತದೆಂದು ಅವರು ಹೇಗೆ ನಂಬಿಯಾರು?
ಎರಡು ತಿಂಗಳು ಮುನಿಸು.
ಆಮೇಲೊಂದು ದಿನ, ಹೇಳದೆ ಕೇಳದೆ,
ರಾಗಿ ನೆನೆಸಿ ರುಬ್ಬಿ, ತಮ್ಮ ಹಳೇ ವಾಯಿಲ್ ಸೀರೆಯ ತುಂಡಿನಲ್ಲಿ ಹಿಂಡಿ,
ಹಾಲನ್ನಷ್ಟೇ ಕಾಸಿ, ಎಳೆಮಗುವಿಗೆ ಕೊಡುವ ಸರಿಯಂತೆ,
ಲೋಟ ಕುಕ್ಕಿ ಹೋದರು.
ಒಂದು ಲೋಟ. ಎರಡು ಸಲ. ನೋವಿಲ್ಲ.

ಈಗ ಅವರೆಯ ಕಾಲ.
ಬಸ್ ಸ್ಟ್ಯಾಂಡಿನಿಂದ ಕ್ಲಾಕ್ ಟವರಿನವರೆಗೂ ಸೊಗಡು.
ಬೀದಿಯ ಹೆಂಗಸರು ಜಗುಲಿಯಲ್ಲಿ ಕೂತು
ನೆನೆದ ಕಾಳು ಹಿತಕುತ್ತಾರೆ:
ಹೆಬ್ಬೆರಳು ತೋರುಬೆರಳ ನಡುವೆ ಒಂದೇ ಒತ್ತು,
ಚಿಮ್ಮುವ ಹಸಿರು, ಕೈಯಲ್ಲುಳಿಯುವ ಸಿಪ್ಪೆ.
ನಾನೂ ಕೂರುತ್ತೇನೆ. ಎಲ್ಲರಿಗಿಂತ ಮೊದಲು ನನ್ನ ತಟ್ಟೆ ತುಂಬುತ್ತದೆ.
ನಾಲ್ಕು ವರ್ಷ ಸಿಪ್ಪೆ ಬಿಡಿಸಿಯೇ ಬದುಕಿದ ಕೈ.

ಸಿಪ್ಪೆ ತೆಗೆದಿದ್ದೀವಲ್ಲ, ಶಮೀಮುನ್ನಿಸಾ ಕೇಳಿದಳು,
ಇದಾದ್ರೂ ನಿಂಗೆ ಆಗುತ್ತಾ?
ತಿನ್ನು ಎಂದವರಿದ್ದರು, ತಿನ್ನಬೇಡ ಎಂದವರಿದ್ದರು.
ಕೇಳಿದವರಿರಲಿಲ್ಲ.
ಗೊತ್ತಿಲ್ಲ ಕಣೇ, ಎಂದೆ.

ರಾತ್ರಿ ಖಾರ ಬೀಳುವ ಮೊದಲೇ
ಅತ್ತೆ ನನ್ನ ಪಾಲಿನ ಸಾರು ಬೇರೆ ತೆಗೆದಿಟ್ಟಿದ್ದರು.
ಐದು ಬೇಳೆ ಎಣಿಸಿ ಹಾಕಿಕೊಂಡೆ.
ಅನ್ನದ ಮೇಲೆ ಹಿಸುಕಿದೆ. ಸೊಗಡು ಮೂಗಿಗೇರಿತು.
ಇನ್ನೊಂದು ಹೇಗೋ ಬಂತು. ನೋಡದ ಹಾಗೆ ನುಂಗಿದೆ.

ಈಗ ಒಂದು ಗಂಟೆ.
ಖಾಲಿ ಲಾರಿಗಳು ಹೈವೇ ಇಳಿಯುವ ಸದ್ದು.
ಬಚ್ಚಲ ದೀಪ ಆರಿಸಿಲ್ಲ, ಅಭ್ಯಾಸ.
ಹೊಟ್ಟೆ ಒಳಗೊಳಗೇ ಗೊಣಗುತ್ತಿದೆ,
ಬೈಯುತ್ತಿದೆಯೋ ದರ ಕೂಗುತ್ತಿದೆಯೋ.
ನವಿಲಿನ ಪುಸ್ತಕ ತೆರೆದು ತಾರೀಖು ಹಾಕಿದೆ.
ಬೇಳೆ, ಐದು. ಹೊಡೆದುಹಾಕಿ ಆರು ಮಾಡಿದೆ.
ಪಕ್ಕದ ಕಲಮ್ಮು ಇನ್ನೂ ಖಾಲಿ.