ಬಾಗಿಲಿಗಿಟ್ಟ ಕಲ್ಲು

ನನ್ನ ಬಳಿ ಹದಿನೇಳು ಸಾಣೆಕಲ್ಲುಗಳಿವೆ,
ಮುಖ ಒಂದೇ.
ಗಡ್ಡವೂ ಈಗೀಗ ಅಲ್ಲೊಂದು ಇಲ್ಲೊಂದು.
ಲಿಯೇಜಿನಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿ
ಬಂದ ಪಿಂಚಣಿಯಲ್ಲಿ ಕಲ್ಲು ಕೊಳ್ಳುತ್ತೇನೆಂದರೆ
ತಂಗಿ ನಗುತ್ತಾಳೆ: ಬೆಟ್ಟದ ತುಂಬ ಬಿದ್ದಿವೆಯಲ್ಲೋ!

ಬಿದ್ದಿಲ್ಲ. ಇದು ಹಾಗೆ ಬೀಳುವ ಕಲ್ಲಲ್ಲ.
ಆರ್ಡೆನ್ ಬೆಟ್ಟದ ಹೊಟ್ಟೆಯಲ್ಲಿ,
ಸಾಲ್ಮ್ ಹೊಳೆಯ ಎಡಬಲಕ್ಕೆ,
ನೇರಳೆ ಮಿಶ್ರಿತ ನೀಲಿ ಹಲಗೆಗಲ್ಲಿನ ನಡುವೆ
ರೊಟ್ಟಿಗೆ ಬೆಣ್ಣೆ ಸವರಿದಂತೆ ಒಂದು ಹಳದಿ ಪದರ,
ಕೆಲವೆಡೆ ನಾಲ್ಕು ಬೆರಳು, ಕೆಲವೆಡೆ ಉಗುರಿನಷ್ಟು.
ಅದರೊಳಗೆ ಕಣ್ಣಿಗೆ ಕಾಣದ ಗೋಮೇಧಿಕದ ಕಾಳು.
ಉಕ್ಕನ್ನು ತಿನ್ನುವುದು ಆ ಕಾಳು.

ಗಿಲೇನ್ ಎಂಬಾಕೆಯ ಮನೆಗೆ ಹೋದದ್ದು
ಯಾರೋ ಹೇಳಿದ ಸುಳಿವು ಹಿಡಿದು.
ಗಂಡ ಝೆನೋಬ್, ಗಣಿಯವನು,
ತೀರಿಕೊಂಡು ಇಪ್ಪತ್ತಾರು ವರ್ಷ.
ಕಾಫಿ ಕೊಟ್ಟಳು. ಕಲ್ಲೆಲ್ಲಿ ಎಂದೆ.
"ದಾಟಿಕೊಂಡೇ ಬಂದೆಯಲ್ಲ."

ಹಿತ್ತಿಲ ಬಾಗಿಲು ಬಡಿಯದ ಹಾಗೆ
ನೆಲದಲ್ಲಿ ಕೂತಿತ್ತು:
ಗೇಣುದ್ದ, ನೀಲಿ ಬೆನ್ನು, ಹಳದಿ ಹೊಟ್ಟೆ,
ಸೋಪಿನ ಕಲೆ, ಬೆಕ್ಕಿನ ಕೂದಲು,
ನಡುವೆ ಹಳೆಯ ಮೆಟ್ಟಿಲಿನಂತೆ ಸವೆದ ತಗ್ಗು.
ನನ್ನ ಎದೆ ಕಳ್ಳನದಾಯಿತು.
ನಾನ್ನೂರು ಯೂರೋ ಎಂದೆ.
ಬಾಗಿಲಿಗೆ ಏನಿಡಲಿ ಎಂದಳು.
ಇಟ್ಟಿಗೆ ತಂದುಕೊಡುತ್ತೇನೆ ಎಂದೆ.
ಆಕೆ ಇಟ್ಟಿಗೆಯನ್ನು ಮನಸ್ಸಿನಲ್ಲೇ ಅಲ್ಲಿಟ್ಟು ನೋಡಿದಳು,
ತೆಗೆದಳು.

"ಒಂದು ಸಲ ಮಸೆ. ಕೇಳಬೇಕು."
ಹೊಲಿಗೆ ಪೆಟ್ಟಿಗೆಯಿಂದ ಅವನ ಕತ್ತಿ ಬಂತು,
ಎಣ್ಣೆಬಟ್ಟೆಯಲ್ಲಿ ಸುತ್ತಿದ್ದು.

ಸಿಂಕಿನ ಪಕ್ಕ ಒದ್ದೆ ಟವೆಲು ಹಾಸಿ ಕಲ್ಲಿಟ್ಟೆ.
ನಾಲ್ಕು ಹನಿ ನೀರು, ಮೇಲೊಂದು ಮರಿಗಲ್ಲು ತಿಕ್ಕಿದರೆ
ಹಾಲು ಬಂತು.
ಇಪ್ಪತ್ತಾರು ವರ್ಷ ಯಾರೂ ಕರೆಯದ ಹಸು.
ಕತ್ತಿಯನ್ನು ಮಲಗಿಸಿ, ಬೆನ್ನೂ ಅಂಚೂ ಎರಡೂ ತಾಗುವಂತೆ
ಹೋಗಿ ಮಗುಚಿ, ಬಂದು ಮಗುಚಿ...
ಆಕೆ ಬೆನ್ನು ಹಾಕಿ ಆಲೂಗಡ್ಡೆ ಸುಲಿಯುತ್ತಿದ್ದಳು.
"ಒತ್ತುತ್ತಿದ್ದೀಯ."
ಇಲ್ಲವೆಂದೆ.
"ಕೇಳಿಸುತ್ತೆ. ಕತ್ತಿಯ ಭಾರ ಕತ್ತಿಗೇ ಸಾಕು."

ಕೈ ಸಡಿಲಿಸಿದೆ.
ಹಾಲಿಗೆ ಹನಿಹನಿಯಾಗಿ ನೀರು ಬೆರೆಸುತ್ತ ಹೋದೆ,
ಬೂದಿಬಣ್ಣ ತೆಳುವಾಗಿ, ಕೊನೆಗೆ ಬರೀ ನೀರು.
ಸದ್ದೂ ಬದಲಾಯಿತು: ಮೊದಲು ಮರಳ ಮೇಲೆ ನಡೆದಂತೆ,
ಆಮೇಲೆ ಪಕ್ಕದ ಕೋಣೆಯಲ್ಲಿ ಯಾರೋ ಪುಟ ತಿರುವಿದಂತೆ,
ಆಮೇಲೆ
ಆಕೆಯ ಚಾಕು ನಿಂತಿತ್ತು.

"ಕೊನೆಯ ಚಳಿಗಾಲ ಅವನ ಕೈ ನಡುಗುತ್ತಿತ್ತು.
ನಾನೇ ಮಸೆದೆ, ನಾನೇ ಕ್ಷೌರ ಮಾಡಿದೆ.
ಗಂಟಲಿನ ಹತ್ತಿರ ಬಂದಾಗ
ಉಸಿರೆಳೆಯುವವರೆಗೆ ಕಾಯಬೇಕು,
ಬಿಡುವವರೆಗೆ ಕಾಯಬೇಕು. ತುಂಬ ಹೊತ್ತು.
ಶ್ವಾಸಕೋಶದಲ್ಲೂ ಇದೇ ಕಲ್ಲು ಅಂದರು ಡಾಕ್ಟರು.
ಹಾಗಾದರೆ ಒಳಗೆಲ್ಲ ಹರಿತವಾಗಿರಬೇಕು ಅಂದ ಇವನು.
ನಕ್ಕ.
ನಗಬೇಡ, ಕೊಯ್ಯುತ್ತೆ ಅಂದೆ."

ತನ್ನದೇ ಬಿಳಿ ಕೂದಲೊಂದನ್ನು ಕಿತ್ತು
ಅಂಚಿನ ಮೇಲೆ ಬಿಟ್ಟಳು. ಎರಡಾಯಿತು.
"ಪರವಾಗಿಲ್ಲ" ಎಂದಳು, ನನಗೋ ಕಲ್ಲಿಗೋ.
ತೊಳೆದಳು, ಒರೆಸಿದಳು,
ಬಾಗಿಲ ಬುಡಕ್ಕಿಟ್ಟಳು, ಹಳದಿ ಮೈ ಕೆಳಗಾಗಿ.
ಬೆಲೆಯ ಮಾತು ಮತ್ತೆ ನಾನೂ ಎತ್ತಲಿಲ್ಲ.

ರೈಲಿನಲ್ಲಿ ನೋಡಿದರೆ
ಉಗುರಿನ ಸಂದಿಯಲ್ಲಿ ಆ ಹಾಲು ಒಣಗಿ ಸುಣ್ಣವಾಗಿತ್ತು.

ಮನೆಯಲ್ಲಿ ಹದಿನೇಳೂ ಮಖಮಲ್ಲಿನ ಮೇಲೆ ಮಲಗಿವೆ,
ಒಂದೊಂದಕ್ಕೂ ಚೀಟಿ: ಗಣಿ, ಪದರ, ಕೊಂಡ ದಿನ.
ಎಷ್ಟಕ್ಕೆ ನೀರು ಮುಟ್ಟಿಸಿದ್ದೇನೆ?
ಮೂರು. ನಾಲ್ಕು ಅನ್ನಿ.
ರಾತ್ರಿ ಗಾಳಿಗೆ ಬಾಲ್ಕನಿಯ ಬಾಗಿಲು ಬಡಿಯತೊಡಗಿತು.
ಎದ್ದು, ದೀಪ ಹಾಕದೆ,
ಒಂದನ್ನು ಒಯ್ದು ಅಡ್ಡವಿಟ್ಟೆ.

ಅಗ್ಗದ್ದು.
ಅಷ್ಟಾದರೂ ನಿಜ ಹೇಳಬೇಕಲ್ಲ.